ಬೀಗ ಹಾಕಿದ ಕೋಣೆ ಮತ್ತು ನಮ್ಮ ಥರ್ಮೋಕೋಲ್

ಅಭ್ಯಾಸ ಬೋಧನೆಗೆ ಹೋದ ನಮ್ಮಲ್ಲಿ ಬಹುಪಾಲು ಎಲ್ಲರೂ ಆ ಕೋಣೆಯನ್ನು ಕಂಡಿರುತ್ತೇವೆ. ಗ್ರಂಥಾಲಯದ ಪಕ್ಕದಲ್ಲೋ ಬಿಸಿಯೂಟದ ಅಕ್ಕಿ ಮೂಟೆಗಳ ಆಚೆಗೋ ಇರುತ್ತದೆ. ಬಾಗಿಲ ಮೇಲೆ ‘ಗಣಕಯಂತ್ರ ಕೊಠಡಿ’ ಎಂದು ಬಣ್ಣದಲ್ಲಿ ಬರೆದಿರುತ್ತದೆ, ಕೆಳಗೆ ಬೀಗ ಇರುತ್ತದೆ. ನಾನು ಇಂಟರ್ನ್‌ಶಿಪ್‌ಗೆ ಹೋದ ಪ್ರೌಢಶಾಲೆಯಲ್ಲಿ ಆ ಬೀಗಕ್ಕೆ ತುಕ್ಕು ಹಿಡಿದಿತ್ತು. ಎದುರಿನ ಜಗುಲಿಯಲ್ಲಿ 8ನೇ ತರಗತಿಯ ‘ಬಿ’ ವಿಭಾಗ ಕೂರುತ್ತಿತ್ತು, ಅವರಿಗೆ ಬೇರೆ ಕೋಣೆ ಇರಲಿಲ್ಲ.

ಮುಖ್ಯೋಪಾಧ್ಯಾಯರು ಮೊದಲ ವಾರವೇ ನನ್ನನ್ನು ಕರೆದು, “ನೀವು ಪಿಸಿಎಂನವರಲ್ಲವೇ? ಒಳಗೆ ಇರುವುದರಲ್ಲಿ ಯಾವುದು ಇಟ್ಟುಕೊಳ್ಳಬಹುದು, ಯಾವುದು ವಿಲೇವಾರಿ ಮಾಡಬಹುದು ಎಂದು ಒಂದು ಪಟ್ಟಿ ಮಾಡಿಕೊಡಿ” ಎಂದರು. ನಾನು ಒಂದೇ ಮಧ್ಯಾಹ್ನದಲ್ಲಿ ಪಟ್ಟಿ ಬರೆದುಕೊಟ್ಟೆ. ಹಳೆಯದೆಲ್ಲ ‘ನಿರುಪಯುಕ್ತ’, ಹೊಸದಾಗಿ ಕಂಡದ್ದೆಲ್ಲ ‘ಉಪಯುಕ್ತ’. ಆ ಪಟ್ಟಿ ಮೂರು ಕಡೆ ತಪ್ಪಾಗಿತ್ತು. ಆ ತಪ್ಪುಗಳ ಬಗ್ಗೆ ಬರೆಯುವುದಕ್ಕೆ ಕಾರಣ, ಅವು ಗಣಕಯಂತ್ರಕ್ಕಿಂತ ನಮ್ಮ ತರಬೇತಿಯ ಬಗ್ಗೆಯೇ ಹೆಚ್ಚು ಹೇಳುತ್ತವೆ ಎಂದು ನನಗೆ ಅನಿಸಿರುವುದು.

ಮೊದಲನೆಯದು ಸಣ್ಣದು. ಮೆಮೊರಿ ಪಟ್ಟಿಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ‘ರ‍್ಯಾಮ್, 14’ ಎಂದು ಬರೆದಿದ್ದೆ. ಒಂದನ್ನು ತೆಗೆದು ಇನ್ನೊಂದು ಯಂತ್ರಕ್ಕೆ ಕೂರಿಸಲು ಹೊರಟೆ. ಉದ್ದ ಒಂದೇ, ಪಿನ್ನುಗಳೂ 240. ಕೂರಲಿಲ್ಲ. ಇನ್ನಷ್ಟು ಒತ್ತುವಷ್ಟರಲ್ಲಿ ಜೊತೆಗಿದ್ದ 9ನೇ ತರಗತಿಯ ಹುಡುಗ, “ಸರ್, ಕಚ್ಚು ಬೇರೆ ಕಡೆ ಇದೆ” ಎಂದ. ಅವನು ಹೇಳಿದ್ದು ಸರಿ. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ ಇದ್ದರೂ ಅಂಚಿನ ಕಚ್ಚು ಒಂದೇ ಜಾಗದಲ್ಲಿಲ್ಲ. ಡಿಡಿಆರ್2ರಲ್ಲಿ ಅದು ನಡುವಿಗೆ ಹತ್ತಿರ, ಡಿಡಿಆರ್3ರಲ್ಲಿ ಒಂದು ತುದಿಯ ಕಡೆಗೆ ಸರಿದಿರುತ್ತದೆ. ಒಂದು 1.8 ವೋಲ್ಟ್‌ನಲ್ಲಿ ನಡೆಯುವಂಥದ್ದು, ಇನ್ನೊಂದು 1.5 ವೋಲ್ಟ್‌ನಲ್ಲಿ. ತಪ್ಪಾಗಿ ಕೂರಬಾರದು ಎಂದೇ ಕಚ್ಚನ್ನು ಹಾಗೆ ಇಟ್ಟಿದ್ದಾರೆ. ಅದಕ್ಕಿಂತ ಹಳೆಯ ಎಸ್‌ಡಿರ‍್ಯಾಮ್‌ನಲ್ಲಿ 168 ಪಿನ್ನು, ಎರಡು ಕಚ್ಚು. ಮೊದಲ ಡಿಡಿಆರ್‌ನಲ್ಲಿ 184 ಪಿನ್ನು, ಒಂದೇ ಕಚ್ಚು. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡೆ. ಹುಡುಗ ಓದಿರಲಿಲ್ಲ, ನೋಡಿದ್ದ. ಅವನ ಕೈಗೆ ಡಬ್ಬಿ ಕೊಟ್ಟು “ಒಂದೇ ಥರದವನ್ನು ಗುಂಪು ಮಾಡು” ಎಂದೆ. ಹೆಸರು ಗೊತ್ತಿಲ್ಲದೆಯೇ ಹತ್ತು ನಿಮಿಷದಲ್ಲಿ ನಾಲ್ಕು ಗುಂಪು ಮಾಡಿ, ಕೊನೆಗೆ ಹೆಸರು ಕೇಳಿದ. ವರ್ಗೀಕರಣ ಎಂಬ ಕೌಶಲದ ಮೇಲೆ ನಾವು ಸೂಕ್ಷ್ಮ ಬೋಧನೆಯಲ್ಲಿ ಎಷ್ಟು ಚಾರ್ಟು ಬರೆದಿದ್ದೇವೆ!

ಎರಡನೆಯ ತಪ್ಪು ಶಾಲೆಗೆ ದುಬಾರಿಯಾಗುತ್ತಿತ್ತು. ಆರು ಯಂತ್ರಗಳ ಮೇಲೆ ಯಾರೋ ಹಿಂದೆಯೇ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿದ್ದರು, ನಾನೂ ಅದನ್ನೇ ನಕಲು ಮಾಡಿದ್ದೆ. ನಿಧಾನವಾಗಿ ಒಂದೊಂದನ್ನೇ ಹಚ್ಚಿ ನೋಡಿದಾಗ ಮೂರು ಯಂತ್ರಗಳು ತೆರೆಯ ಮೇಲೆ ಏನೋ ದೂರು ಬರೆದು ನಿಲ್ಲುತ್ತಿದ್ದವು, ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನಲ್ಲಿ ಗುಂಡಿಯಂತಿರುವ ಸಿಆರ್2032 ಸೆಲ್ಲು, 3 ವೋಲ್ಟಿನದು, ಸತ್ತಿತ್ತು. ಗಡಿಯಾರದ ಅಂಗಡಿಯಲ್ಲೂ ಸಿಗುವ ಸೆಲ್ಲು ಅದು. ಹೊಸದು ಹಾಕಿ ಎಫ್1 ಒತ್ತಿ ದಿನಾಂಕ ಸರಿಮಾಡಿದ ಮೇಲೆ ಮೂರೂ ಎದ್ದು ನಿಂತವು. ಇನ್ನೆರಡರ ಬೋರ್ಡಿನಲ್ಲಿ ಕೆಪಾಸಿಟರ್‌ಗಳ ನೆತ್ತಿ ಉಬ್ಬಿ ಕಂದು ರಸ ಸೋರಿತ್ತು. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಇದು ಬಹಳ ಸಾಮಾನ್ಯವಾದ ಕಾಯಿಲೆ. ಅವುಗಳ ಆಸೆ ಬಿಟ್ಟೆ. ಆರನೆಯದರಲ್ಲಿ ಇಲಿ ಮರಿ ಹಾಕಿತ್ತು.

ಮೂರನೆಯ ತಪ್ಪನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಗಲ ರಿಬ್ಬನ್ನಿನಂಥ ತಂತಿ ಸಿಕ್ಕಿಸುವ, 40 ಪಿನ್ನಿನ ಐಡಿಇ ಹಾರ್ಡ್ ಡಿಸ್ಕುಗಳು ನಾಲ್ಕಿದ್ದವು, ಒಂದೊಂದೂ 40 ಜಿಬಿಯವು. ಈಗಿನ ಬೋರ್ಡಿನಲ್ಲಿ ಆ ಸಾಕೆಟ್ಟೇ ಇರುವುದಿಲ್ಲ. ನಮ್ಮ ಮೊಬೈಲಿನಲ್ಲೇ ಅದಕ್ಕಿಂತ ಹೆಚ್ಚು ಜಾಗವಿದೆ. ನಾಲ್ಕಕ್ಕೂ ‘ನಿರುಪಯುಕ್ತ’ ಎಂದು ಬರೆದೆ. ಪಟ್ಟಿ ಸಿಬ್ಬಂದಿ ಕೊಠಡಿಯ ಮೇಜಿನ ಮೇಲಿತ್ತು. ಮುಂದಿನ ವರ್ಷ ನಿವೃತ್ತರಾಗಲಿದ್ದ ಕನ್ನಡ ಮೇಷ್ಟ್ರು ಅದನ್ನು ಓದಿ, “ಇದರೊಳಗೆ ನಮ್ಮ ಮಕ್ಕಳ ಪದಕೋಶ ಇರಬೇಕಲ್ಲ” ಎಂದರು. 2007ರ ಸುಮಾರಿಗೆ ಅವರು ಮಕ್ಕಳಿಂದ ಊರಿನ ಒಕ್ಕಲುತನದ ಮಾತುಗಳನ್ನು ಸಂಗ್ರಹ ಮಾಡಿಸಿ ಟೈಪು ಮಾಡಿಸಿದ್ದರಂತೆ. ಯಂತ್ರ ಕೆಟ್ಟಿತು, ಬೀಗ ಬಿತ್ತು, ಅಲ್ಲಿಗೆ ಮುಗಿಯಿತು. ಮುದ್ರಿಸಿದ ಪ್ರತಿ ಇರಲಿಲ್ಲ.

ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯವರಿಂದ ಐಡಿಇಯನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರು ಎರಡು ದಿನಕ್ಕೆ ಎರವಲು ತಂದೆ. ಹಿಂಬದಿಯ ಜಂಪರನ್ನು ‘ಮಾಸ್ಟರ್’ಗೆ ಇಟ್ಟ ಮೇಲೆ ಎರಡು ಡಿಸ್ಕು ತಿರುಗಿದವು, ಒಂದು ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು, ಇನ್ನೊಂದು ಸದ್ದೂ ಮಾಡಲಿಲ್ಲ. ತಿರುಗಿದ ಎರಡರಲ್ಲಿ ಒಂದರಲ್ಲಿ ಕಡತ ಸಿಕ್ಕಿತು. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಆವರಣಗಳ ಗೋಜಲು. ಮೇಷ್ಟ್ರ ಮುಖ ಸಪ್ಪಗಾಯಿತು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಲ್ಲಿ ಟೈಪು ಮಾಡಿದ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಹೀಗೇ ಕಾಣುತ್ತವೆ. ಫಾಂಟು ಹಾಕಿದ ಕೂಡಲೇ ಗೋಜಲೆಲ್ಲ ಕನ್ನಡವಾಯಿತು. ಕೂರಿಗೆಯ ಭಾಗಗಳಿಗೆ, ನೊಗ ಕಟ್ಟುವ ಹಗ್ಗಗಳಿಗೆ, ಮಳೆಯ ಬಗೆಗಳಿಗೆ ಆ ಮಕ್ಕಳು ಅಜ್ಜ ಅಜ್ಜಿಯರಿಂದ ಕೇಳಿ ಬರೆದ ಹೆಸರುಗಳು, ಹನ್ನೊಂದು ಪುಟ. ಮೇಷ್ಟ್ರು ಗಟ್ಟಿಯಾಗಿ ಓದುತ್ತ ಹೋದರು. ಬರೆದ ಮಕ್ಕಳಲ್ಲಿ ಒಬ್ಬಳು ಈಗ ಅದೇ ಶಾಲೆಯ 8ನೇ ತರಗತಿ ಹುಡುಗನ ತಾಯಿ. ಆಮೇಲೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಮುದ್ರಿಸಿದೆವು.

ಅದೇ ಡಿಸ್ಕಿನಲ್ಲಿ ಇನ್ನೊಂದೂ ಇತ್ತು: ಹಲವು ವರ್ಷಗಳ ದಾಖಲಾತಿ ಪಟ್ಟಿ. ಮಕ್ಕಳ ಹೆಸರು, ಜಾತಿ, ಪೋಷಕರ ವರಮಾನ. ನನ್ನ ಮೊದಲ ಪಟ್ಟಿಯ ಪ್ರಕಾರ ಅದು ಹಾಗೆಯೇ ಗುಜರಿಯವನ ಚೀಲ ಸೇರುತ್ತಿತ್ತು. ಬಿಡಿಭಾಗದ ಬೆಲೆ ಕಟ್ಟುವಾಗ ಅದರ ವಯಸ್ಸು ನೋಡುವುದಕ್ಕಿಂತ ಮೊದಲು ಅದರೊಳಗೆ ಯಾರ ಕೆಲಸ, ಯಾರ ಗುಟ್ಟು ಇದೆ ಎಂದು ನೋಡಬೇಕು ಎಂಬುದು ನನಗೆ ಹೊಳೆದದ್ದು ಆವಾಗ. ಬೇಕಾದ್ದನ್ನು ನಕಲು ಮಾಡಿ, ಉಳಿದದ್ದನ್ನು ಪೂರ್ತಿ ಅಳಿಸಿ, ಆಮೇಲೆ ಕಳಿಸಬೇಕು. ತಿರುಗದ ಡಿಸ್ಕಾದರೆ ಬಿಚ್ಚಿ ತಟ್ಟೆಯನ್ನೇ ಹಾಳುಮಾಡಬೇಕು.

ಬಿಚ್ಚುವ ಮಾತು ಬಂತು. ನಿಜವಾದ ತಕರಾರು ಇಲ್ಲಿಂದ ಶುರು.

10ನೇ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ನನ್ನ ಪಾಠಗಳಲ್ಲಿ ಒಂದಾಗಿತ್ತು. ಫ್ಲೆಮಿಂಗನ ಎಡಗೈ ನಿಯಮಕ್ಕೆ ನನ್ನ ಸಹಪಾಠಿಗಳು ಮಾಡುವಂತೆ ನಾನೂ ಥರ್ಮೋಕೋಲ್ ಕತ್ತರಿಸಿ, ಬಣ್ಣ ಬಳಿದು, ಮೂರು ಬೆರಳಿನ ಕೈ ಮಾಡಿದ್ದೆ. ಸತ್ತ ಡಿಸ್ಕನ್ನು ನಕ್ಷತ್ರದಾಕಾರದ ಸ್ಕ್ರೂಡ್ರೈವರಿನಿಂದ ಬಿಚ್ಚಿದಾಗ ಅದೇ ನಿಯಮ ಒಳಗೆ ಕೂತಿತ್ತು. ಓದು ತೋಳಿನ ಹಿಂತುದಿಯಲ್ಲಿ ತಾಮ್ರದ ತಂತಿಯ ಚಪ್ಪಟೆ ಸುರುಳಿ, ಅದಕ್ಕೆ ಅಂಟಿದಂತೆ ನಿಯೋಡಿಮಿಯಮ್ ಆಯಸ್ಕಾಂತ. ಸುರುಳಿಯ ಎರಡು ತುದಿಗೆ ಟಾರ್ಚಿನ ಎರಡು ಸೆಲ್ಲು ಮುಟ್ಟಿಸಿದರೆ ತೋಳು ಚಟಕ್ಕನೆ ಒಂದು ಕಡೆ ಹಾರುತ್ತದೆ, ಸೆಲ್ಲು ತಿರುಗಿಸಿದರೆ ಇನ್ನೊಂದು ಕಡೆ. ಒಬ್ಬ ಹುಡುಗಿ, “ಸುರುಳಿಯ ಒಂದು ಬದಿಯಲ್ಲಿ ಪ್ರವಾಹ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ ಹೋಗುತ್ತದಲ್ಲ, ಎರಡೂ ಎದುರುಬದುರು ತಳ್ಳಬೇಕಲ್ಲವೇ?” ಎಂದು ಕೇಳಿದಳು. ಆ ಪ್ರಶ್ನೆಗೆ ಥರ್ಮೋಕೋಲಿನಲ್ಲಿ ಉತ್ತರವಿಲ್ಲ. ಆಯಸ್ಕಾಂತದ ಒಂದೇ ಮುಖದ ಮೇಲೆ ಪಕ್ಕಪಕ್ಕದಲ್ಲಿ ಎರಡೂ ಧ್ರುವಗಳಿರುವುದನ್ನು ದಿಕ್ಸೂಚಿ ಇಟ್ಟು ಅವರೇ ಕಂಡುಕೊಂಡರು. ಪ್ರವಾಹದ ದಿಕ್ಕು ಬದಲಾದ ಕಡೆ ಕ್ಷೇತ್ರದ ದಿಕ್ಕೂ ಬದಲಾಗಿರುವುದರಿಂದ ಎರಡು ಬದಿಯೂ ಒಂದೇ ಕಡೆಗೆ ತಳ್ಳುತ್ತವೆ.

ಪಾಠದ ಅವಲೋಕನ ನಮೂನೆಯಲ್ಲಿ ‘ಬೋಧನೋಪಕರಣ’ದ ಅಂಕಣಕ್ಕೆ ನನಗೆ ಕಡಿಮೆ ಅಂಕ ಬಂತು. ಪಾಠ ಯೋಜನೆಯಲ್ಲಿ ನಮೂದಿಸಿದ ಮಾದರಿಯನ್ನು ಬಳಸಿಲ್ಲ, ಬಳಸಿದ ವಸ್ತು ಆಕರ್ಷಕವಾಗಿಲ್ಲ ಎಂಬುದು ಟಿಪ್ಪಣಿ. ಮೊದಲನೆಯದು ನ್ಯಾಯ, ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಬೀಗ ಹಾಕಿದ ಕೋಣೆಯಲ್ಲಿ ನಿಜವಾದ ಮೋಟಾರು, ನಿಜವಾದ ಆಯಸ್ಕಾಂತ, ಶಾಖ ಹೀರುವ ಅಲ್ಯೂಮಿನಿಯಮ್ ರೆಕ್ಕೆಗಳು ಇರುವಾಗ ನಾವು ಅವುಗಳ ಬೊಂಬೆ ಮಾಡಿ ಅಂಕ ಪಡೆಯುತ್ತಿದ್ದೇವೆ. ಇಂಟರ್ನ್‌ಶಿಪ್‌ನ ಮೊದಲ ವಾರದಲ್ಲಿ ಶಾಲಾ ದರ್ಶನದ ವರದಿ ಬರೆಯುತ್ತೇವಲ್ಲ, ಅದರಲ್ಲಿ ಆಟದ ಮೈದಾನದ ಅಳತೆಯೂ ಇರುತ್ತದೆ. ದಾಸ್ತಾನು ವಹಿಯನ್ನು ಕೈಯಲ್ಲಿ ಹಿಡಿದು ಆ ಕೋಣೆಯಲ್ಲಿ ಒಂದು ದಿನ ಕಳೆಯುವುದನ್ನೂ ಅದಕ್ಕೆ ಸೇರಿಸಬೇಕು, ಅದಕ್ಕೆ ಅಂಕವನ್ನೂ ಇಡಬೇಕು.

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಿ ಎನ್ನುತ್ತಿಲ್ಲ. ‘ಮುಂದೆ ಯಾವಾಗಲಾದರೂ ಬೇಕಾಗುತ್ತದೆ’ ಎಂಬ ಮಾತಿನಿಂದಲೇ ಆ ಕೋಣೆ ತುಂಬಿದ್ದು, 8ನೇ ‘ಬಿ’ ಜಗುಲಿಗೆ ಬಿದ್ದದ್ದು. ಪಿಸಿಐ, ಎಜಿಪಿ ಕಾರ್ಡುಗಳಲ್ಲಿ ತೋರಿಸಲು ಒಂದೊಂದು ಸಾಕು. ಒಂದು ಫ್ಲಾಪಿ ಡ್ರೈವು, ಜೊತೆಗೆ 1.44 ಎಂಬಿಯ ಒಂದು ಫ್ಲಾಪಿ ಇರಲಿ. ಮಕ್ಕಳು ತಮ್ಮ ಒಂದು ಫೋಟೋ ಅದರಲ್ಲಿ ಹಿಡಿಸುವುದಿಲ್ಲ ಎಂದು ನಗಲಿ. ಪೆಂಟಿಯಮ್ 4ರ ಹಳೆಯ ಯಂತ್ರಗಳನ್ನು ಹಟದಿಂದ ಓಡಿಸುವುದು ವ್ಯರ್ಥ, ಅವು ತಿನ್ನುವ ವಿದ್ಯುತ್ತಿಗೆ ತಕ್ಕ ಕೆಲಸ ಕೊಡುವುದಿಲ್ಲ. ಡಿಡಿಆರ್3 ಕಾಲದವು ಬೇರೆ ಮಾತು. ಅವುಗಳಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಗೇ ಬೆಂಬಲ ನಿಂತಿದ್ದರೂ ಎರಡು ಯಂತ್ರದ ಮೆಮೊರಿ ಒಂದಕ್ಕೆ ಹಾಕಿ ಲಿನಕ್ಸ್ ಕೂರಿಸಿದರೆ ಟೈಪಿಂಗ್ ಕಲಿಯಲು ಧಾರಾಳ ಸಾಕು. ಸೆಲ್ಲು ಹಾಕಿಸಿಕೊಂಡು ಎದ್ದ ಮೂರೂ ಈಗ ಹೀಗೆಯೇ ನಡೆಯುತ್ತಿವೆ.

ಗಾಜಿನ ದಪ್ಪ ಮಾನಿಟರು ಮತ್ತು ಎಸ್‌ಎಂಪಿಎಸ್ ಡಬ್ಬಿಗಳನ್ನು ಮಾತ್ರ ಮಕ್ಕಳ ಕೈಗೆ ಕೊಡಲೇಬಾರದು. ಮಾನಿಟರಿನ ಕೊಳವೆಗೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಬೇಕು. ತಂತಿ ಕಿತ್ತ ಮೇಲೂ ವಿದ್ಯುತ್ತು ಒಳಗೆ ಉಳಿದಿರಬಹುದು, ಗಾಜಿನಲ್ಲಿ ಸೀಸವಿದೆ. ಲ್ಯಾಪ್‌ಟಾಪಿನ ಡಿಸ್ಕುಗಳ ತಟ್ಟೆ ಬಹಳಷ್ಟು ಸಲ ಗಾಜಿನದೇ ಆಗಿರುವುದರಿಂದ ಅವನ್ನೂ ಬಿಚ್ಚಿಸಬೇಡಿ. ಇವೆಲ್ಲ ಹೋಗಬೇಕಾದದ್ದು ತಾಮ್ರಕ್ಕಾಗಿ ತಂತಿ ಸುಡುವವರ ಕೈಗಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರ ಕೈಗೆ ಹೋಗಬೇಕು.

ಎರಡನೆಯ ಪಟ್ಟಿ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ‘ಉಪಯುಕ್ತ’, ‘ನಿರುಪಯುಕ್ತ’ ಎಂಬ ಎರಡು ಅಂಕಣ ತೆಗೆದು, ‘ನಡೆಸಬಹುದು’, ‘ಬಿಚ್ಚಿ ತೋರಿಸಬಹುದು’, ‘ಒಳಗಿರುವುದನ್ನು ನೋಡಿ ಕಳಿಸಬೇಕು’, ‘ಮುಟ್ಟದೆ ಕಳಿಸಬೇಕು’ ಎಂದು ಮಾಡಿದೆ. ಮುಖ್ಯೋಪಾಧ್ಯಾಯರು ಸಹಿ ಹಾಕಿ ಮೇಲಿನ ಕಚೇರಿಗೆ ಕಳಿಸಿದರು. ಕಳೆದ ವಾರ ಹೋದಾಗ ಮಾನಿಟರುಗಳು ಇನ್ನೂ ಅಲ್ಲೇ ಗೋಡೆಗೆ ಮುಖ ಮಾಡಿ ಕೂತಿದ್ದವು, ಆದೇಶ ಬಂದಿಲ್ಲವಂತೆ. ಉಳಿದರ್ಧ ಕೋಣೆಯಲ್ಲಿ 8ನೇ ‘ಬಿ’ಯವರು ಲೆಕ್ಕ ಮಾಡುತ್ತಿದ್ದರು.