ಕೆನ್ನೆಯೊಳಗಿನ ಮಚ್ಚೆ

ಹೊಸಪೇಟೆ ಬಳಿಯ ಕಮಲಾಪುರದ ಬಾಳೆ ತೋಟಗಳಲ್ಲಿ ಮಧ್ಯಾಹ್ನದ ಬುತ್ತಿ ಮುಗಿದ ಮೇಲೆ ಕೂಲಿ ಹೆಣ್ಣುಮಕ್ಕಳ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿಕೊಳ್ಳುತ್ತದೆ. ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳಿನ ಜೊತೆ ಚಿಟಿಕೆ ತಂಬಾಕು ಇಟ್ಟು ದವಡೆಗೆ ಒತ್ತಿಕೊಂಡರೆ ಸಂಜೆವರೆಗೆ ಕೈ ಓಡುತ್ತದೆ. ಒತ್ತಿಕೊಂಡ ಅದೇ ಜಾಗದಲ್ಲಿ ಎಷ್ಟೋ ವರ್ಷಗಳ ಮೇಲೆ ಬಿಳಿ ಮಚ್ಚೆ ಮೂಡಬಹುದು. ನೋವಿಲ್ಲದ್ದನ್ನು ಯಾರು ತೋರಿಸುತ್ತಾರೆ? ಖಾರ ತಿಂದರೆ ಉರಿ, ಬಾಯಿ ಅಗಲಿಸಲಾಗದು ಎನ್ನುವ ಹೊತ್ತಿಗೆ ತಡವಾಗಿರಬಹುದು.

ಬಾಯಿ ಕ್ಯಾನ್ಸರ್‌ಗೆ ತಿರುಗಬಹುದಾದ ಇಂಥ ಮಚ್ಚೆಯನ್ನು ಊರಲ್ಲೇ ಪರೀಕ್ಷಿಸಲು ಬೆಂಗಳೂರಿನ ಮಜುಂದಾರ್ ಶಾ ಆಸ್ಪತ್ರೆ ಮತ್ತು ಕೆಎಲ್‌ಇ ದಂತ ವೈದ್ಯಕೀಯ ಸಂಸ್ಥೆಯ ವೈದ್ಯರು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ತಜ್ಞರ ಜೊತೆ ಸೇರಿ ಮೊಬೈಲ್ ಫೋನಿನ ಉಪಕರಣವೊಂದನ್ನು ಪ್ರಯೋಗಿಸಿದ್ದಾರೆ. 2018ರಲ್ಲಿ ಅದರ ಫಲಿತಾಂಶವೂ ಪ್ರಕಟವಾಯಿತು. ಕೆನ್ನೆಯೊಳಗೆ 405 ನ್ಯಾನೊಮೀಟರ್‌ನ ನೇರಳೆ ಬೆಳಕು ಬಿಟ್ಟರೆ ಆರೋಗ್ಯವಂತ ಚರ್ಮ ತಿಳಿಹಸಿರಾಗಿ ಮಿನುಗುತ್ತದೆ. ಕೆಟ್ಟ ಜೀವಕೋಶಗಳು ಬೆಳೆದ ಕಡೆ ಆ ಮಿನುಗು ಕುಂದಿ ಕಪ್ಪಾಗಿ ಕಾಣುತ್ತದೆ. ಬೆರಳ ತುದಿಗಿಂತ ಚಿಕ್ಕದಾದ ಕ್ಯಾಮೆರಾ ಸೆನ್ಸರ್ ಅದನ್ನು ಹಿಡಿಯುತ್ತದೆ, ತಂತ್ರಾಂಶ ಚಿತ್ರವನ್ನು ಓದಿ ಶಂಕೆ ಇದೆಯೋ ಇಲ್ಲವೋ ಹೇಳುತ್ತದೆ. ಸಾದಾ ಹುಣ್ಣು, ಉರಿಯೂತಗಳೂ ಕಪ್ಪಾಗಿಯೇ ಕಾಣಬಹುದು, ಹಾಗಾಗಿ ಕೊನೆಯ ಮಾತು ಮಚ್ಚೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯದೇ.

ಉಪಕರಣ ನಮ್ಮೂರಿಗೆ ಬರಲಿ, ಬೇಗ ಬರಲಿ. ಆದರೆ ಅದಕ್ಕೂ ಮೊದಲು ಕಣ್ಣೂ ಕೈಯೂ ಬೇಕು. ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲೇ ವರದಿಯಾಗಿದೆ. ಮೂವತ್ತು ದಾಟಿದವರ ಬಾಯಿ ತಪಾಸಣೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲೂ ಇದೆ. "ಯಕ್ಕಾ, ಬಾಯಿ ತೆಗಿ, ಬ್ಯಾಟರಿ ಹಿಡಿತೀನಿ" ಎಂದು ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಕೂರಿಸಿಕೊಳ್ಳಬೇಕು, ಅಷ್ಟೇ.

ನಮ್ಮ ಆತಂಕ ಅದರ ಮುಂದಿನ ಹೆಜ್ಜೆಯದು. ಫೋನು ಶಂಕೆ ಇದೆ ಎಂದ ಮೇಲೆ ಆ ತಾಯಿ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇಲ್ಲಿಂದ 300 ಕಿಲೋಮೀಟರ್‌ಗೂ ದೂರ. ಒಂದು ದಿನ ಹೋದರೆ ಆ ದಿನದ ಕೂಲಿಯೂ ಹೋಯಿತು. ಹೆದರಿಸಿ ಮನೆಗೆ ಕಳಿಸುವ ಯಂತ್ರ ನಮಗೆ ಬೇಡ. ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಬಯಾಪ್ಸಿಗೆಂದೇ ಗೊತ್ತುಮಾಡಲಿ. ಆಶಾ ಕಾರ್ಯಕರ್ತೆ ಕೊಡುವ ಚೀಟಿಯಲ್ಲಿ ಆ ದಿನ, ಹೊತ್ತು, ಕೊಠಡಿ ನಂಬರು ಬರೆದಿರಲಿ.