ಸೈಟಿಗೆ ನೀರು ಬರುತ್ತಾ?

ಹುಣಸೂರಿನಲ್ಲೊಂದು ಸೈಟು ತಗೋಬೇಕು ಅನ್ನೋದು ಅಪ್ಪನ ಬಹಳ ದಿನದ ಆಸೆ. ರಿಟೈರ್ ಆದಾಗ ಬಂದ ಪಿಎಫ್ ದುಡ್ಡು ಕೈಲಿದೆ. ಈಗ ಕಣ್ಣು ಬಿದ್ದಿರೋದು ಲಕ್ಷ್ಮಣತೀರ್ಥದ ಕಡೆಗೆ ಇಳಿಜಾರಿನಲ್ಲಿರೋ ಒಂದು ಹೊಸ ಲೇಔಟ್ ಮೇಲೆ. ಕನ್ವರ್ಷನ್ ಆಗಿದೆ, ಇಸಿ ಇದೆ, ಬ್ಯಾಂಕ್ ಲೋನೂ ಸಿಗುತ್ತಂತೆ. 2019ರ ಆಗಸ್ಟಲ್ಲಿ ಹೊಳೆ ಎಲ್ಲಿವರೆಗೆ ಬಂದಿತ್ತು ಅಂತ ಕೇಳಿದೆ ನೋಡಿ, ಅದಕ್ಕೆ ಮಾತ್ರ ಯಾವ ಕಾಗದದಲ್ಲೂ ಉತ್ತರ ಇಲ್ಲ!

ನನ್ನ ತಕರಾರು ಇಷ್ಟೇ. ಮಾರೋರ ವಂಶವೃಕ್ಷ ತರಿಸಿಕೊಂಡು ನೋಡ್ತೀವಿ, ಜಾಗದ ನೀರಿನ ಚರಿತ್ರೆ ಮಾತ್ರ ಯಾರೂ ಕೇಳಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಸೇತುವೆ ದಾಟಿದ್ರೆ ಕುಶಾಲನಗರ. ಅಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ 2018ರಲ್ಲಿ ಕಾವೇರಿ ನುಗ್ಗಿತು. "ಇಂಥದ್ದು ನೂರು ವರ್ಷಕ್ಕೊಮ್ಮೆ" ಅಂತ ಸಮಾಧಾನ ಹೇಳೋರು ಇರ್ತಾರಲ್ಲ, 2019ರಲ್ಲಿ ಮತ್ತೆ ನುಗ್ಗಿತು. ನೂರು ವರ್ಷಕ್ಕೊಮ್ಮೆ ಅಂದ್ರೆ ಒಮ್ಮೆ ಬಂದ್ಮೇಲೆ 99 ವರ್ಷ ರಜೆ ಅಂತಲ್ಲ ಸ್ವಾಮಿ! ಪ್ರತಿ ವರ್ಷವೂ ನೂರಕ್ಕೊಂದು ಪಾಲು ಸಾಧ್ಯತೆ ಅಂತ. 20 ವರ್ಷದ ಹೋಮ್ ಲೋನ್ ತೀರೋದರೊಳಗೆ ಒಮ್ಮೆಯಾದ್ರೂ ಬರೋ ಸಾಧ್ಯತೆ ಶೇಕಡ 18. (ನಂಬಿಕೆ ಇಲ್ದಿದ್ರೆ 0.99ನ್ನು 20 ಸಲ ಗುಣಿಸಿ, 1ರಿಂದ ಕಳೀರಿ.) ಅಷ್ಟು ಬಗ್ ಇರೋ ಕೋಡನ್ನ ನಮ್ಮ ಟೆಸ್ಟಿಂಗ್ ಟೀಮ್ ಬಾಗಿಲಲ್ಲೇ ವಾಪಸ್ ಕಳಿಸುತ್ತೆ.

ಎಚ್.ಡಿ.ಕೋಟೆಯಲ್ಲಿ ಮೋಡ ನೋಡಿದ್ರೂ ಏನೂ ಗೊತ್ತಾಗಲ್ಲ. ಇಲ್ಲಿ ಬಿಸಿಲಿರುತ್ತೆ, ವಯನಾಡಲ್ಲಿ ಮಳೆ ಹೊಯ್ತಿರುತ್ತೆ. ಕಬಿನಿ ಜಲಾಶಯ 19.52 ಟಿಎಂಸಿ. ಲಕ್ಷ ಕ್ಯೂಸೆಕ್ ಒಳಹರಿವಿದ್ರೆ ಪೂರ್ತಿ ಖಾಲಿ ಇದ್ದರೂ ತುಂಬೋಕೆ ಎರಡೂಕಾಲು ದಿನ ಸಾಕು. ಆಗಸ್ಟಲ್ಲಿ ಖಾಲಿ ಎಲ್ಲಿರುತ್ತೆ? ಬಂದಷ್ಟೂ ಕೆಳಗೆ ಬಿಡಲೇಬೇಕು. ಕೆ.ಆರ್.ನಗರದ ಕಡೆ ನಾಲೆ ಬಯಲಿನ ಗದ್ದೆಗಳನ್ನ ಮಣ್ಣು ತುಂಬಿಸಿ ಸೈಟು ಮಾಡಿದ್ರೆ, ಆ ಗದ್ದೆ ಹಿಡಿದಿಟ್ಕೊಳ್ತಿದ್ದ ನೀರು ಪಕ್ಕದವನ ಮನೆಗೆ ಹೋಗುತ್ತೆ, ಇನ್ನೆಲ್ಲಿಗೆ?

ಲೇಔಟ್ ನಕ್ಷೆಗೆ ಅನುಮೋದನೆ ಕೊಡೋ ಮೊದಲು, ಹೊಳೆ ಅತಿ ಹೆಚ್ಚು ಏರಿದ ಮಟ್ಟವನ್ನ ಆ ನಕ್ಷೆ ಮೇಲೇ ಒಂದು ಕೆಂಪು ಗೆರೆಯಾಗಿ ಎಳೆಯೋದು ಕಡ್ಡಾಯ ಆಗ್ಬೇಕು. ರೇಟು ಬೀಳುತ್ತೆ ಅಂತಾರೆ. ಬೀಳಲಿ ಬಿಡಿ, ಗೆರೆಯೊಳಗಿನ ಸೈಟಿಗೆ ಅದೇ ಸರಿಯಾದ ರೇಟು.

ಅಲ್ಲಿವರೆಗೆ ಕೊಳ್ಳೋರು ಹಳೇ ಗ್ರಾಮ ನಕ್ಷೆ ತೆಗೆಸಿ, ಹಳ್ಳ ಎಲ್ಲಿ ಹರೀತಿತ್ತು ನೋಡಿ. ಪಹಣಿಯಲ್ಲಿ ಬಿ ಖರಾಬು ಎಷ್ಟಿದೆ ಅಂತ ಓದಿ. ಆಮೇಲೆ ಬ್ರೋಕರ್ ಇಲ್ಲದಾಗ ಹೋಗಿ, ಅಕ್ಕಪಕ್ಕದ ಜಮೀನಿನ ಅಜ್ಜಂದಿರನ್ನ ಕೇಳಿ. ನಿಮ್ಮೂರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಕಾಮೆಂಟಲ್ಲಿ ಬರೀರಿ, ವರ್ಷದ ಸಮೇತ.