ನೆಂಟರ ಬೈಕ್ ಕೀ ತೆಗೆದಿಡಿ



ಕ್ರಿಸ್ಮಸ್ ಬಂತೆಂದರೆ ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ ತಿಂಡಿಗಳ ಘಮ, ಅಂಗಳದಲ್ಲಿ ಗೋದಲಿ. ಡಿ. 24ರ ರಾತ್ರಿ ಬಲಿಪೂಜೆ ಮುಗಿಸಿ ನೆಂಟರ ಮನೆಗೆ ಹೋದರೆ ಕೇಕಿನ ಜೊತೆ ಒಂದು ಗ್ಲಾಸೂ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಕುಡಿದವರು ಬೈಕ್ ಹತ್ತುವುದಕ್ಕೆ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಿಂದಲೇ ಹೊರಟ ಹುಡುಗನೊಬ್ಬ ತಿರುವಿನಲ್ಲಿ ಕರೆಂಟ್ ಕಂಬಕ್ಕೆ ಗುದ್ದಿದ. ಜೀವ ಉಳಿಯಿತು, ಕಾಲು ಇವತ್ತಿಗೂ ನೆಟ್ಟಗಿಲ್ಲ. ಅವನ ತಾಯಿಗೆಂದು ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ನೆವ್ರಿ, ಕಿಡಿಯೊ ಡಾಂಬರಿನ ಮೇಲೆ ಚೆಲ್ಲಿ ಬಿದ್ದಿದ್ದವು. ‘ಹತ್ತೇ ನಿಮಿಷದ ದಾರಿ ಅಂಕಲ್’ ಎಂದವನನ್ನು ನಾನು ತಡೆಯಲಿಲ್ಲ. ಆ ಸಂಕಟ ಹೋಗಿಲ್ಲ.

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶವಿದ್ದರೆ ವಾಹನ ಓಡಿಸುವುದು ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕಪ್ಪು ಕಾಫಿ ಕುಡಿದರೆ, ತಣ್ಣೀರಲ್ಲಿ ಮುಖ ತೊಳೆದರೆ ಸರಿಹೋಗುತ್ತದೆಂಬುದು ಸುಳ್ಳು. ರಕ್ತ ಸೇರಿದ ಮದ್ಯ ಇಳಿಯಲು ಗಂಟೆಗಳೇ ಬೇಕು.

ಪೊಲೀಸರು ಹೆದ್ದಾರಿಯಲ್ಲಷ್ಟೇ ಅಲ್ಲ, ಒಳರಸ್ತೆಗಳಲ್ಲೂ ತಪಾಸಣೆ ಮಾಡಲಿ. ಪೂಜೆಯ ಕೊನೆಗೆ ಪ್ರಕಟಣೆ ಓದುವಾಗ ಫಾದರ್‌ಗಳು ಈ ಬಗ್ಗೆ ಒಂದು ಮಾತು ಹೇಳಲಿ. ಮನೆಯವರಲ್ಲಿ ನನ್ನ ವಿನಂತಿ: ಗ್ಲಾಸ್ ಕೈಗೆ ಕೊಡುವ ಮೊದಲೇ ಬೈಕ್ ಕೀ ಇಸಿದುಕೊಳ್ಳಿ. ರಿಕ್ಷಾ ಕರೆಸಿ, ಸಿಗದಿದ್ದರೆ ಚಾವಡಿಯಲ್ಲಿ ಚಾಪೆ ಹಾಸಿಕೊಡಿ.

– ಒಬ್ಬ ಓದುಗ, ಮಂಗಳೂರು